1972ರ ನೋವಾದ 350 ಎಂಜಿನ್: ರಸ್ತೆಗೆ ಹೊಂದುವ ಕ್ಯಾಮ್, ಹೆಡ್, ಮೊದಲ ಅರ್ಧ ಗಂಟೆ

ಗಾಡಿ 1972ರ ಶೆವ್ರೊಲೆ ನೋವಾ, ಇರುವುದು ಕ್ಯಾಲಿಫೋರ್ನಿಯಾದಲ್ಲಿ. 350 ಘನ ಇಂಚಿನ ವಿ8, ಎರಡು ಬ್ಯಾರೆಲ್‌ನ ಕಾರ್ಬೊರೇಟರ್, ಟರ್ಬೊ 350 ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ಲಿನಲ್ಲಿ 3.08 ಕ್ರೌನ್ (ಚಕ್ರದ ಒಂದು ಸುತ್ತಿಗೆ ಗೇರ್‌ಬಾಕ್ಸಿನಿಂದ ಬರುವ ದಂಡ 3.08 ಸುತ್ತು). ಕಂಪನಿ ಕೊಟ್ಟ ಲೆಕ್ಕ 165 ಅಶ್ವಶಕ್ತಿ. ಇದನ್ನು ರೇಸಿಗೆ ಒಯ್ಯುವ ಉದ್ದೇಶವಿಲ್ಲ. ಬಂಕಿನ ಪೆಟ್ರೋಲಿನಲ್ಲೇ ಓಡಬೇಕು, ಸಿಗ್ನಲ್ಲಿನಲ್ಲಿ ಬಿಸಿಯಾಗಬಾರದು, ಪವರ್ ಬ್ರೇಕ್ ಕೈಕೊಡಬಾರದು, ಫ್ರೀವೇಯಲ್ಲಿ ಕಿವಿ ಒಡೆಯಬಾರದು, ಆಕ್ಸಿಲರೇಟರ್ ತುಳಿದ ಕೂಡಲೇ ಎಳೆಯಬೇಕು. ಈ ಐದು ಷರತ್ತುಗಳನ್ನು ಮೊದಲೇ ಬರೆದಿಟ್ಟುಕೊಂಡರೆ ಮುಂದಿನ ಆಯ್ಕೆಗಳಲ್ಲಿ ಅರ್ಧ ತಾವಾಗಿ ನಿರ್ಧಾರವಾಗುತ್ತವೆ.

165 ಎಂಬ ಅಂಕಿಯನ್ನು ಕಂಡು ಎಂಜಿನ್ ಕೈಲಾಗದ್ದು ಎಂದುಕೊಳ್ಳಬಾರದು. 1970ರಲ್ಲಿ ಇದೇ 350ರ ನಾಲ್ಕು ಬ್ಯಾರೆಲ್ ಆವೃತ್ತಿ 10.25:1 ಕಂಪ್ರೆಶನ್ನಿನಲ್ಲಿ (ಸಿಲಿಂಡರಿನ ಮಿಶ್ರಣವನ್ನು ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತದೆ ಎಂಬ ಅನುಪಾತ) 300 ಎಂದು ಹೇಳಿಕೊಳ್ಳುತ್ತಿತ್ತು. 1971ರಲ್ಲಿ ಜನರಲ್ ಮೋಟರ್ಸ್ ಕಡಿಮೆ ಆಕ್ಟೇನಿನ ಪೆಟ್ರೋಲಿಗೆ ಹೊಂದಲೆಂದು ಕಂಪ್ರೆಶನ್ನನ್ನು 8.5:1ಕ್ಕೆ ಇಳಿಸಿತು. 1972ರಲ್ಲಿ ಅಳತೆಯ ಕ್ರಮವೇ ಬದಲಾಯಿತು. ಫ್ಯಾನು, ಆಲ್ಟರ್ನೇಟರು, ಸೈಲೆನ್ಸರು ಏನೂ ಇಲ್ಲದೆ ಅಳೆದದ್ದು ಗ್ರಾಸ್, ಎಲ್ಲವನ್ನೂ ಜೋಡಿಸಿ ಅಳೆದದ್ದು ನೆಟ್. ಹಾಗಾಗಿ ಆ ವರ್ಷದ ನಾಲ್ಕು ಬ್ಯಾರೆಲ್ 350ರ ಅಂಕಿ 200 ನೆಟ್. ಕಾಗದದ ಮೇಲೆ ಕಾಣುವ ಕುಸಿತದ ಒಂದು ಭಾಗ ಅಳತೆಯದ್ದು. ನಿಜವಾಗಿ ಹೋದದ್ದು ಕಂಪ್ರೆಶನ್. ಮೊದಲು ಅದನ್ನು ವಾಪಸು ತರಬೇಕು, ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ದಂಡವಾದ ಕ್ಯಾಮ್ ಆಮೇಲೆ.

ಕೊಳ್ಳುವ ಮೊದಲು ಅಳತೆ

ಕೆಳಗಿನ ಭಾಗ, ಅಂದರೆ ಕ್ರ್ಯಾಂಕು, ಬೇರಿಂಗು, ಪಿಸ್ಟನ್ನು, ರಿಂಗು, ಖರ್ಚಿಗೆ ಯೋಗ್ಯವೇ ಎಂಬುದನ್ನು ಮೊದಲು ನೋಡಬೇಕು. ಎಂಜಿನ್ ಬಿಸಿಯಾದ ಮೇಲೆ ಆಯಿಲ್ ಪ್ರೆಶರ್ ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಇರಬೇಕು. ಎಂಟೂ ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ನೋಡುವ ಲೀಕ್‌ಡೌನ್ ಟೆಸ್ಟ್ ಮಾಡಿ, ಸೋರಿಕೆ 10ರಿಂದ 15 ಶೇಕಡಾದ ಒಳಗಿದ್ದರೆ ಮುಂದುವರಿಯಬಹುದು. ಗಾಳಿ ಆಯಿಲ್ ಫಿಲ್ಲರ್‌ನಲ್ಲಿ ಸುಯ್ಯೆಂದರೆ ರಿಂಗ್ ಸವೆದಿದೆ. ಅಂಥ ಎಂಜಿನ್ನಿಗೆ ಹೊಸ ಹೆಡ್ (ಸಿಲಿಂಡರುಗಳ ಮೇಲೆ ಕೂರುವ, ವಾಲ್ವ್‌ಗಳಿರುವ ಭಾಗ) ಹಾಕಿದರೆ ಹೊಗೆ ಇನ್ನಷ್ಟು ಜೋರಾಗುತ್ತದೆ, ಅಷ್ಟೇ.

ಹೆಡ್ ಬಿಚ್ಚಿದ ಮೇಲೆ ಮೂರು ಅಳತೆಗಳು ಬೇಕು. ಪಿಸ್ಟನ್ ತುತ್ತತುದಿಗೆ ಬಂದಾಗ ಬ್ಲಾಕಿನ ಮೇಲ್ಮೈಗಿಂತ ಎಷ್ಟು ಕೆಳಗಿದೆ ಎಂಬುದು ಒಂದು: ಇಲ್ಲಿ 0.025 ಇಂಚು, ಲೇತಿನವರ ಮಾತಿನಲ್ಲಿ 25 ಥೌ. ಪಿಸ್ಟನ್ ತಲೆಯಲ್ಲಿ ವಾಲ್ವಿಗಾಗಿ ಕೊರೆದ ನಾಲ್ಕು ಗುಳಿಗಳ ಗಾತ್ರ ಎರಡನೆಯದು: ಸುಮಾರು 6 ಸಿಸಿ. ಹೆಡ್ಡಿನ ಚೇಂಬರ್, ಅಂದರೆ ಮಿಶ್ರಣ ಉರಿಯುವ ಗುಳಿ, ಮೂರನೆಯದು: 76 ಸಿಸಿ. ಚೇಂಬರ್ ಅಳೆಯಲು ಪ್ಲಗ್ ಹಾಕಿ, ವಾಲ್ವ್ ಕೂರಿಸಿ, ತೂತಿರುವ ಅಕ್ರಿಲಿಕ್ ತಟ್ಟೆಯನ್ನು ಗ್ರೀಸಿನಿಂದ ಅಂಟಿಸಿ, ಬ್ಯುರೆಟ್ಟಿನಿಂದ ಬಣ್ಣ ಬೆರೆಸಿದ ಸ್ಪಿರಿಟ್ ಬಿಡುವುದು. ಪುಸ್ತಕದ ಅಂಕಿಯನ್ನು ನಂಬಿಕೊಂಡು ಕೂರಬಾರದು. ಐವತ್ತು ವರ್ಷದ ಹೆಡ್ಡನ್ನು ಯಾರು ಎಷ್ಟು ಸಲ ಪ್ಲೇನ್ ಮಾಡಿಸಿದ್ದಾರೋ ತಿಳಿಯದು.

350ರ ಬೋರ್ 4.000 ಇಂಚು, ಸ್ಟ್ರೋಕ್ 3.480. ಒಂದು ಸಿಲಿಂಡರಿನ ಗಾತ್ರ 716.6 ಸಿಸಿ. 41 ಥೌ ದಪ್ಪದ ಗ್ಯಾಸ್ಕೆಟ್ 8.9 ಸಿಸಿ, ಪಿಸ್ಟನ್ ಮೇಲಿನ ಖಾಲಿ ಜಾಗ 5.1. ಎಲ್ಲ ಕೂಡಿಸಿದರೆ 96 ಸಿಸಿ, ಕಂಪ್ರೆಶನ್ 8.46. ಚೇಂಬರ್ 64 ಸಿಸಿ ಆದರೆ ಮೊತ್ತ 84, ಕಂಪ್ರೆಶನ್ 9.5. ಪಿಸ್ಟನ್ ಮುಟ್ಟದೆ, ಬ್ಲಾಕ್ ಇಳಿಸದೆ, ಹೆಡ್ ಒಂದರಿಂದಲೇ ಒಂದು ಪಾಯಿಂಟ್ ಏರಿಕೆ ಸಿಗುತ್ತದೆ.

ಕ್ಯಾಮ್ ಕಾರ್ಡ್ ಓದುವುದು

ಕ್ಯಾಮ್ ಜೊತೆಗೆ ಬರುವ ಕಾರ್ಡಿನಲ್ಲಿ ಡ್ಯುರೇಶನ್, ಅಂದರೆ ಕ್ರ್ಯಾಂಕ್ ಎಷ್ಟು ಡಿಗ್ರಿ ತಿರುಗುವವರೆಗೆ ವಾಲ್ವ್ ತೆರೆದಿರುತ್ತದೆ ಎಂಬುದು, ಎರಡು ಥರ ಇರುತ್ತದೆ. ಕ್ಯಾಮಿನ ಲೋಬ್ (ಉಬ್ಬು) ಮೇಲೆತ್ತುವ ಲಿಫ್ಟರ್ ಕೆಲವೇ ಥೌ ಎದ್ದಾಗಿನಿಂದ ಎಣಿಸಿದ್ದು ಜಾಹೀರಾತಿನ ಡ್ಯುರೇಶನ್. ಕೆಲವರು 4 ಥೌ, ಕೆಲವರು 6 ಥೌನಿಂದ ಎಣಿಸುತ್ತಾರೆ. ಎಲ್ಲರೂ ಒಪ್ಪುವ ಅಳತೆ 50 ಥೌನದ್ದು. ಬೇರೆ ಬೇರೆ ಕಂಪನಿಯ ಕ್ಯಾಮ್‌ಗಳನ್ನು ಹೋಲಿಸಲು 50 ಥೌ ಅಂಕಿ. ವಾಲ್ವ್ ಯಾವಾಗ ಪೂರ್ತಿ ಮುಚ್ಚುತ್ತದೆ, ಕಂಪ್ರೆಶನ್ ಎಲ್ಲಿಂದ ಶುರುವಾಗುತ್ತದೆ ಎಂದು ಲೆಕ್ಕ ಹಾಕಲು ಜಾಹೀರಾತಿನ ಅಂಕಿ. ಎರಡೂ ಬೇಕು.

ಈ ಎಂಜಿನ್ನಿನ ಮೂಲ ಕ್ಯಾಮ್ ಬಹು ಸೌಮ್ಯ. 50 ಥೌನಲ್ಲಿ ಇನ್‌ಟೇಕ್ 195 ಡಿಗ್ರಿ, ಎಕ್ಸಾಸ್ಟ್ 202, ಲಿಫ್ಟ್ (ವಾಲ್ವ್ ತೆರೆಯುವ ಎತ್ತರ) 0.390 ಮತ್ತು 0.410 ಇಂಚು. ಬದಲಿಗೆ ಪರಿಗಣಿಸಿದವು ಕಾಂಪ್ ಕ್ಯಾಮ್ಸ್‌ನ ಎಕ್ಸ್‌ಟ್ರೀಮ್ ಎನರ್ಜಿ ಸಾಲಿನವು. ಎಕ್ಸ್‌ಇ262ಎಚ್: 218/224, ಲಿಫ್ಟ್ 0.462/0.469. ಎಕ್ಸ್‌ಇ268ಎಚ್: 224/230, ಲಿಫ್ಟ್ 0.477/0.480. ಎಕ್ಸ್‌ಇ284ಎಚ್: 240/246, ಲಿಫ್ಟ್ 0.507/0.510. ಮೂರಕ್ಕೂ ಲೋಬ್‌ಗಳ ನಡುವಿನ ಕೋನ 110. ಎಲ್ಲರ ಕಣ್ಣು ಬೀಳುವುದು 284ರ ಮೇಲೆ, ಏಕೆಂದರೆ ನಿಂತಲ್ಲೇ ಎಂಜಿನ್ ತೂಗಾಡುವ ಆ ಸದ್ದು ಅದರಲ್ಲಿದೆ. ಆದರೆ ಆ ಸದ್ದು ಶಕ್ತಿಯದ್ದಲ್ಲ. ಇನ್‌ಟೇಕ್ ಮತ್ತು ಎಕ್ಸಾಸ್ಟ್ ವಾಲ್ವ್‌ಗಳೆರಡೂ ಒಟ್ಟಿಗೆ ತೆರೆದಿರುವ ಹೊತ್ತಿನಲ್ಲಿ ಸುಟ್ಟ ಗಾಳಿ ಹಿಂದಕ್ಕೆ ನುಗ್ಗಿ ಹೊಸ ಮಿಶ್ರಣವನ್ನು ಕೆಡಿಸುವ ಸದ್ದು ಅದು.

ಇಲ್ಲಿ ನಿರ್ಣಾಯಕ ಅಂಕಿ ಇನ್‌ಟೇಕ್ ವಾಲ್ವ್ ಮುಚ್ಚುವ ಹೊತ್ತು. ಪಿಸ್ಟನ್ ಕೆಳತುದಿ ದಾಟಿ ಮೇಲೇರತೊಡಗಿದ ಮೇಲೂ ವಾಲ್ವ್ ತೆರೆದೇ ಇರುತ್ತದೆ. ಅದು ಮುಚ್ಚುವವರೆಗೆ ಒತ್ತಡ ಏರುವುದಿಲ್ಲ. 262 ಕ್ಯಾಮ್ ಕೆಳತುದಿಯಿಂದ 57 ಡಿಗ್ರಿಗೆ ಮುಚ್ಚುತ್ತದೆ, 268 ಕ್ಯಾಮ್ 60ಕ್ಕೆ, 284 ಕ್ಯಾಮ್ 68ಕ್ಕೆ. ಕನೆಕ್ಟಿಂಗ್ ರಾಡ್ 5.7 ಇಂಚು ಎಂದು ಹಿಡಿದು ಉಳಿದ ಸ್ಟ್ರೋಕ್ ಲೆಕ್ಕ ಹಾಕಿದರೆ, ಹಳೆಯ 8.46 ಎಂಜಿನ್ನಿನಲ್ಲಿ ನಿಜವಾಗಿ ಒತ್ತುವ ಪ್ರಮಾಣ 262ಕ್ಕೆ 7.2, 268ಕ್ಕೆ 7.0, 284ಕ್ಕೆ 6.6. ಬಂಕಿನ ಪ್ರೀಮಿಯಂ ಪೆಟ್ರೋಲಿಗೆ ಕಬ್ಬಿಣದ ಹೆಡ್ಡಿನಲ್ಲಿ 7.8ರಿಂದ 8.2 ಒಳ್ಳೆಯ ಮಟ್ಟ. ಹಳೆಯ ಹೆಡ್ ಇಟ್ಟುಕೊಂಡು ದೊಡ್ಡ ಕ್ಯಾಮ್ ಹಾಕಿದ ಗಾಡಿಗಳು 3000 ಆರ್‌ಪಿಎಂವರೆಗೆ ಮೂಲ ಎಂಜಿನ್ನಿಗಿಂತಲೂ ಮಂಕಾಗಿ ಓಡುವುದು ಇದೇ ಕಾರಣಕ್ಕೆ. ಕಾರ್ಬೊರೇಟರ್ ಜೆಟ್ ಬದಲಿಸಿ, ಟೈಮಿಂಗ್ ಎಳೆದು ಅದನ್ನು ಸರಿಮಾಡಲು ಹೊರಟವರಿಗೆ ಅದು ಸಿಗುವುದಿಲ್ಲ. ಆ ಎಂಜಿನ್ನಿನಲ್ಲಿ ಒತ್ತಡವೇ ಇಲ್ಲ.

64 ಸಿಸಿ ಹೆಡ್ ಜೊತೆ 262 ಕ್ಯಾಮ್ ಹಾಕಿದರೆ ಅದೇ ಲೆಕ್ಕ 8.05ಕ್ಕೆ ಬರುತ್ತದೆ. ಬೇಕಾದದ್ದು ಇದೇ.

ಎರಡನೆಯ ಜರಡಿ ಕ್ರೌನ್ ಮತ್ತು ಟೈರು. ಗಂಟೆಗೆ ಮೈಲಿಯನ್ನು ಕ್ರೌನ್ ಅನುಪಾತದಿಂದ ಗುಣಿಸಿ, 336ರಿಂದ ಗುಣಿಸಿ, ಟೈರಿನ ವ್ಯಾಸದಿಂದ ಭಾಗಿಸಿದರೆ ಟಾಪ್ ಗೇರಿನ ಆರ್‌ಪಿಎಂ. 26 ಇಂಚಿನ ಟೈರಿನಲ್ಲಿ 65 ಮೈಲಿಗೆ 3.08 ಕ್ರೌನ್ ಸುಮಾರು 2590, 3.42 ಆದರೆ 2870, 3.73 ಆದರೆ 3130. ಟರ್ಬೊ 350ರಲ್ಲಿ ಓವರ್‌ಡ್ರೈವ್ ಇಲ್ಲ, ಹಾಗಾಗಿ ದಿನವೂ ಫ್ರೀವೇ ಹಿಡಿಯುವ ಗಾಡಿಗೆ 3.73 ಬೇಸರ ತರಿಸುತ್ತದೆ. 3.42 ಆಯ್ಕೆಯಾಯಿತು. 262 ಕ್ಯಾಮ್ ಕೆಲಸ ಮಾಡುವ ವ್ಯಾಪ್ತಿಯನ್ನು ತಯಾರಕರು 1300ರಿಂದ 5600 ಎನ್ನುತ್ತಾರೆ; ಈ ಕ್ರೌನಿಗೆ ಅದು ಸರಿಯಾಗಿ ಕೂರುತ್ತದೆ. ಟಾರ್ಕ್ ಕನ್ವರ್ಟರ್ ಮೂಲದ್ದಾದರೂ ನಡೆಯುತ್ತದೆ, 2000ದಿಂದ 2200 ಸ್ಟಾಲಿನದ್ದಾದರೆ (ಬ್ರೇಕ್ ಹಿಡಿದು ತುಳಿದಾಗ ಎಂಜಿನ್ ಏರಬಲ್ಲ ಆರ್‌ಪಿಎಂ) ನಿಂತ ಜಾಗದಿಂದ ಏಳುವಾಗ ವ್ಯತ್ಯಾಸ ಗೊತ್ತಾಗುತ್ತದೆ. ಸ್ಟಾಲ್ ಏರಿಸಿದರೆ ಗೇರ್‌ಬಾಕ್ಸ್ ಆಯಿಲ್ ಹೆಚ್ಚು ಬಿಸಿಯಾಗುತ್ತದೆ. ರೇಡಿಯೇಟರಿನ ಮುಂದೆ ಪ್ರತ್ಯೇಕ ಕೂಲರ್ ಹಾಕಲೇಬೇಕು.

ಮೂರನೆಯದು ವ್ಯಾಕ್ಯೂಮ್, ಅಂದರೆ ಇನ್‌ಟೇಕ್ ಮ್ಯಾನಿಫೋಲ್ಡಿನೊಳಗಿನ ಸೆಳೆತ. ಮೂಲ ಕ್ಯಾಮ್ ಐಡ್ಲಿಂಗ್‌ನಲ್ಲಿ ಪಾದರಸದ 18 ಇಂಚಿನ ಆಸುಪಾಸು ಕೊಡುತ್ತದೆ. 262 ಸುಮಾರು 15. ಬ್ರೇಕ್ ಬೂಸ್ಟರ್ ಇಷ್ಟರಲ್ಲಿ ಕೆಲಸ ಮಾಡುತ್ತದೆ. 284ಕ್ಕೆ ಹೋದರೆ ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಇಲ್ಲದೆ ಪವರ್ ಬ್ರೇಕಿನ ಮೇಲೆ ಭರವಸೆ ಇಡಲಾಗದು. ಟರ್ಬೊ 350 ಗೇರ್‌ಬಾಕ್ಸಿನ ಮಾಡ್ಯುಲೇಟರ್ ಕೂಡ ಇದೇ ವ್ಯಾಕ್ಯೂಮನ್ನು ನೋಡಿಕೊಂಡು ಗೇರ್ ಬದಲಿಸುತ್ತದೆ; ವ್ಯಾಕ್ಯೂಮ್ ಕಡಿಮೆಯಾದರೆ ಗೇರ್ ತಡವಾಗಿ, ಗಟ್ಟಿಯಾಗಿ ಬೀಳುತ್ತದೆ.

ಎರಡು ಕ್ಯಾಮ್‌ಗಳ ನಡುವೆ ಮನಸ್ಸು ತೂಗುತ್ತಿದ್ದರೆ ರಸ್ತೆಯ ಗಾಡಿಗೆ ಚಿಕ್ಕದನ್ನೇ ತರಬೇಕು. ಚಿಕ್ಕದರಲ್ಲಿ 5500ರ ಮೇಲೆ ಒಂದಿಷ್ಟು ಕಳೆದುಕೊಳ್ಳುತ್ತೇವೆ, ಅಲ್ಲಿಗೆ ಗಾಡಿ ಹೋಗುವುದೇ ಅಪರೂಪ. ದೊಡ್ಡದರಲ್ಲಿ 1500ರಿಂದ 3000ದವರೆಗೆ ಕಳೆದುಕೊಳ್ಳುತ್ತೇವೆ, ಗಾಡಿ ಇಡೀ ದಿನ ಇರುವುದು ಅಲ್ಲೇ.

ಹೆಡ್: ವೋರ್ಟೆಕ್

1996ರಿಂದ 2000ದವರೆಗಿನ ಶೆವ್ರೊಲೆ ಪಿಕಪ್ ಮತ್ತು ವ್ಯಾನುಗಳ 5.7 ಲೀಟರ್ ಎಂಜಿನ್ನಿನಲ್ಲಿ ಬಂದ ವೋರ್ಟೆಕ್ ಹೆಡ್‌ಗಳು, ಎರಕದ ನಂಬರಿನ ಕೊನೆ 906 ಅಥವಾ 062, ಹಳೆಯ ಬ್ಲಾಕಿಗೆ ನೇರವಾಗಿ ಕೂರುತ್ತವೆ. ಚೇಂಬರ್ 64 ಸಿಸಿ, ವಾಲ್ವ್ 1.94 ಮತ್ತು 1.50. ಹಣಕ್ಕೆ ತಕ್ಕ ಲಾಭದಲ್ಲಿ ಕಬ್ಬಿಣದ ಹೆಡ್‌ಗಳ ಪೈಕಿ ಇದಕ್ಕೆ ಸಾಟಿ ಕಡಿಮೆ. ಆದರೆ ತೊಡಕುಗಳಿವೆ, ಒಂದನ್ನು ಮರೆತರೂ ಕೆಲಸ ನಿಲ್ಲುತ್ತದೆ.

ಹಳೆ ಹೆಡ್ ಕೊಂಡ ಕೂಡಲೇ ಬಿರುಕಿನ ಪರೀಕ್ಷೆ ಮಾಡಿಸಬೇಕು. ಒಮ್ಮೆ ಕುದಿದ ಎಂಜಿನ್ನಿನ ವೋರ್ಟೆಕ್ ವಾಲ್ವ್ ಸೀಟಿನ ಹತ್ತಿರ ಬಿರುಕು ಬಿಟ್ಟಿರುವುದು ಸಾಮಾನ್ಯ. ಇನ್‌ಟೇಕ್ ಮ್ಯಾನಿಫೋಲ್ಡಿನ ಬೋಲ್ಟ್‌ಗಳು ಹಳೆಯ ಹೆಡ್ಡಿನಂತೆ ಹನ್ನೆರಡಲ್ಲ, ಎಂಟು, ಕೋನವೂ ಬೇರೆ. ವೋರ್ಟೆಕ್‌ಗೆಂದೇ ಮಾಡಿದ ಮ್ಯಾನಿಫೋಲ್ಡ್ ಬೇಕು. ಈ ಗಾಡಿಗೆ ಎಡಲ್‌ಬ್ರಾಕ್ ಪರ್ಫಾರ್ಮರ್, ಡ್ಯುಯಲ್ ಪ್ಲೇನ್. ಸಿಂಗಲ್ ಪ್ಲೇನ್ ಮೇಲಿನ ಆರ್‌ಪಿಎಂಗೆ ಮಾತ್ರ, ಇಲ್ಲಿ ಬೇಡ. ಟ್ಯಾಪೆಟ್ ಕವರ್ ನಡುಬೋಲ್ಟಿನದ್ದಾಗಬೇಕು. ಹೆಡ್ಡಿನಲ್ಲಿ ಮ್ಯಾನಿಫೋಲ್ಡ್ ಬಿಸಿ ಮಾಡುವ ಎಕ್ಸಾಸ್ಟ್ ದಾರಿ ಇಲ್ಲ. ಹಾಗಾಗಿ ಆ ಶಾಖದಿಂದ ತೆರೆಯುವ 1972ರ ಚೋಕ್ ಕೆಲಸ ಮಾಡದು, ಎಲೆಕ್ಟ್ರಿಕ್ ಚೋಕ್ ಇರುವ ಕಾರ್ಬೊರೇಟರೇ ಆಗಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಲಿಫ್ಟ್. ಕಂಪನಿಯಿಂದ ಬಂದ ಸ್ಥಿತಿಯಲ್ಲಿ ವೋರ್ಟೆಕ್ ಹೆಡ್ ತಡೆಯುವ ಲಿಫ್ಟ್ ಬಹಳ ಕಡಿಮೆ, 0.450 ದಾಟಿದರೆ ವಾಲ್ವ್ ಸ್ಪ್ರಿಂಗನ್ನು ಹಿಡಿಯುವ ರಿಟೇನರ್ ಬಂದು ವಾಲ್ವ್ ಸೀಲಿಗೆ ಹೊಡೆಯುವ ಅಪಾಯ. ಮೊದಲು ಸೀಲ್ ಚಿಂದಿಯಾಗುತ್ತದೆ, ಆಮೇಲೆ ವಾಲ್ವ್ ಜಾರುವ ಗೈಡ್ ಒಡೆಯುತ್ತದೆ. ಈ ಕ್ಯಾಮಿನ ದೊಡ್ಡ ಲಿಫ್ಟ್ 0.469, ಅದರ ಮೇಲೆ 60 ಥೌ ಅಂತರ ಬೇಕು, ಅಂದರೆ ರಿಟೇನರಿನ ಕೆಳಗಿನಿಂದ ಸೀಲಿನ ತಲೆಯವರೆಗೆ ಕನಿಷ್ಠ 0.530. ಮಷಿನ್ ಶಾಪಿನಲ್ಲಿ ಗೈಡಿನ ಮೇಲ್ಭಾಗ ಕತ್ತರಿಸಿ ಇಳಿಸಿ, ಸಣ್ಣ ವ್ಯಾಸದ ಸೀಲ್ ಹಾಕಿಸಬೇಕು. ಸ್ಪ್ರಿಂಗಿನೊಳಗಿನ ಡ್ಯಾಂಪರ್ ಕೂರಲು ಗೈಡಿನ ಸುತ್ತಳತೆಯನ್ನೂ ಕಡಿಮೆ ಮಾಡಬೇಕಾಗುತ್ತದೆ.

ಸ್ಪ್ರಿಂಗ್ 1.70 ಇಂಚಿನ ಎತ್ತರದಲ್ಲಿ 105 ಪೌಂಡಿನದ್ದು, ಇಂಚಿಗೆ ಸುಮಾರು 370 ಪೌಂಡು ಏರುವಂಥದ್ದು. ಪೂರ್ತಿ ತೆರೆದಾಗ 280ರ ಹತ್ತಿರ. ಮೂಲ ಸ್ಪ್ರಿಂಗಿನ ಸುಮಾರು 80 ಪೌಂಡ್ ಈ ಲೋಬಿನ ವೇಗಕ್ಕೆ ಸಾಲದು. 5000 ದಾಟಿದ ಮೇಲೆ ವಾಲ್ವ್ ತೇಲುತ್ತದೆ, ಅಂದರೆ ಲೋಬಿನ ಜೊತೆ ಮುಚ್ಚಲಾಗದೆ ಹಿಂದೆ ಬೀಳುತ್ತದೆ. ಹಾಗೆಂದು ಬೇಕಾಬಿಟ್ಟಿ ಗಟ್ಟಿ ಸ್ಪ್ರಿಂಗ್ ಹಾಕಿದರೆ ಲೋಬ್ ಸವೆಯುತ್ತದೆ. ಪ್ರತಿ ಸ್ಪ್ರಿಂಗಿನ ಎತ್ತರವನ್ನೂ ಅಳೆದು ಶಿಮ್ ಹಾಕಿ ಸಮ ಮಾಡಬೇಕು. ಪೂರ್ತಿ ತೆರೆದಾಗ ಸುರುಳಿಗಳು ಒಂದಕ್ಕೊಂದು ಅಂಟುವ ಮೊದಲು 60 ಥೌ ಉಳಿದಿರಬೇಕು.

ಲಿಫ್ಟರಿನಿಂದ ಮೇಲೆ ಬರುವ ಪುಶ್‌ರಾಡಿನ ಒತ್ತನ್ನು ವಾಲ್ವಿಗೆ ದಾಟಿಸುವ ರಾಕರ್ ವಿಷಯದಲ್ಲಿ ಎಡವುವವರು ತುಂಬ ಜನ. ವೋರ್ಟೆಕ್ ಹೆಡ್ಡಿನಲ್ಲಿ ಪುಶ್‌ರಾಡಿಗೆ ದಾರಿ ತೋರಿಸುವ ಗೈಡ್ ಪ್ಲೇಟ್ ಇಲ್ಲ, ರಾಕರಿನ ಮೂತಿಯಲ್ಲಿರುವ ಎರಡು ತುಟಿಗಳೇ ಅದನ್ನು ವಾಲ್ವಿನ ಮೇಲೆ ಹಿಡಿಯುತ್ತವೆ. 1972ರ ಹಳೆಯ ರಾಕರುಗಳನ್ನು ಇದರ ಮೇಲೆ ಹಾಕಿದರೆ ಪಕ್ಕಕ್ಕೆ ಜಾರಿ ವಾಲ್ವ್ ಬಾಗುತ್ತದೆ. ಸ್ಕ್ರೂ ಸ್ಟಡ್ ಹಾಕಿಸಿ ಗೈಡ್ ಪ್ಲೇಟ್ ಕೂರಿಸಿದರೆ, ಆಗ ತುಟಿಯಿರುವ ರಾಕರ್ ಹಾಕಬಾರದು, ಎರಡೂ ಕಡೆ ಹಿಡಿದು ಎಳೆದಾಡಿ ಸವೆಯುತ್ತದೆ. ಎರಡರಲ್ಲಿ ಒಂದು ಮಾತ್ರ.

ಗ್ಯಾಸ್ಕೆಟ್ ದಪ್ಪದ ಬಗ್ಗೆಯೂ ಒಂದು ನಿರ್ಧಾರ ಬೇಕು. 28 ಥೌನದ್ದು ಹಾಕಿದರೆ ಕಂಪ್ರೆಶನ್ 9.8, ಒತ್ತುವ ಪ್ರಮಾಣ 8.3; ಪಿಸ್ಟನ್ನಿಗೂ ಹೆಡ್ಡಿಗೂ ನಡುವಿನ ಅಂತರ 53 ಥೌಗೆ ಇಳಿದು ಉರಿ ಚೆನ್ನಾಗಿ ಹರಡುತ್ತದೆ. 93 ಆಕ್ಟೇನ್ ಸಿಗುವ ರಾಜ್ಯಗಳಲ್ಲಿ ಅದೇ ಸರಿ. ಕ್ಯಾಲಿಫೋರ್ನಿಯಾದ ಬಂಕುಗಳಲ್ಲಿ ಪ್ರೀಮಿಯಂ ಅಂದರೆ 91, ಬೇಸಿಗೆಯ ಸೆಕೆಯಲ್ಲಿ ನಾಕಿಂಗ್ (ಮಿಶ್ರಣ ತಾನಾಗಿ ಸಿಡಿಯುವುದು) ಬರಬಾರದೆಂದು ಇಲ್ಲಿ 41 ಥೌನದ್ದೇ. ಬೆಂಗಳೂರಿನಲ್ಲಿ ಕೂತು ಓದುವವರು ಗಮನಿಸಬೇಕು: ಅಮೆರಿಕದ 91 ಮತ್ತು ನಮ್ಮ ಬಂಕಿನ 91 ಒಂದೇ ಅಲ್ಲ. ಅಳೆಯುವ ಕ್ರಮ ಬೇರೆ. ನಮ್ಮ 91 ಅಲ್ಲಿನ ಸಾದಾ 87ರ ಹತ್ತಿರ ಬರುತ್ತದೆ, ಅಲ್ಲಿನ 91 ನಮ್ಮ 95ರ ಹತ್ತಿರ.

ಬಿಚ್ಚುವುದು, ಕೂರಿಸುವುದು

ರೇಡಿಯೇಟರ್, ಗ್ರಿಲ್, ವಾಟರ್ ಪಂಪ್, ಕ್ರ್ಯಾಂಕ್ ಡ್ಯಾಂಪರ್, ಟೈಮಿಂಗ್ ಕವರ್ ಈ ಕ್ರಮದಲ್ಲಿ ಕಳಚುತ್ತವೆ. ಡ್ಯಾಂಪರನ್ನು ನಡುವಿನ ಮೂರು ತೂತಿಗೆ ಹಾಕುವ ಪುಲ್ಲರಿನಿಂದಲೇ ಎಳೆಯಬೇಕು. ಅಂಚು ಹಿಡಿದೆಳೆದರೆ ರಬ್ಬರಿನ ಉಂಗುರ ಜಾರಿ, ಟೈಮಿಂಗ್ ಗುರುತು ಮುಂದೆಂದೂ ನಿಜ ಹೇಳುವುದಿಲ್ಲ. ವಾಪಸು ಕೂರಿಸುವಾಗಲೂ ಅದಕ್ಕೆಂದೇ ಇರುವ ಸ್ಕ್ರೂ ಉಪಕರಣ ಬಳಸಬೇಕು, ಸುತ್ತಿಗೆ ಮುಟ್ಟಬಾರದು.

ಆ ಕಾಲದ ಮೂಲ ಟೈಮಿಂಗ್ ಗೇರ್ ಅಲ್ಯೂಮಿನಿಯಂ, ಹಲ್ಲುಗಳಿಗೆ ನೈಲಾನ್ ಹೊದಿಕೆ. ವಯಸ್ಸಾದಂತೆ ನೈಲಾನ್ ಪುಡಿಯಾಗಿ ಆಯಿಲ್ ಪ್ಯಾನಿಗೆ ಬಿದ್ದು ಪಂಪಿನ ಜಾಲರಿಯನ್ನು ಮುಚ್ಚುತ್ತದೆ. ಅಲ್ಲಿ ಒಂದು ಹಲ್ಲು ಕಾಣೆಯಾಗಿದ್ದರೂ ಪ್ಯಾನ್ ಇಳಿಸಿ ತೊಳೆಯಲೇಬೇಕು. ಹೊಸದು ಎರಡು ಸಾಲಿನ ರೋಲರ್ ಚೈನು, ಉಕ್ಕಿನ ಗೇರು.

ಕ್ಯಾಮ್ ಎಳೆಯುವ ಮೊದಲು ಡಿಸ್ಟ್ರಿಬ್ಯೂಟರ್, ಅಂದರೆ ನಮ್ಮ ಗ್ಯಾರೇಜುಗಳ ಡೆಲ್ಕೊ, ಮತ್ತು ಫ್ಯೂಯಲ್ ಪಂಪ್ ಹೊರಗಿರಬೇಕು. ಫ್ಯೂಯಲ್ ಪಂಪಿನ ಸಣ್ಣ ಪುಶ್‌ರಾಡ್ ಜಾರಿ ಕೆಳಗೆ ಬರುತ್ತಿದ್ದರೆ ಬ್ಲಾಕಿನ ಮುಂಭಾಗದ ತೂತಿನಿಂದ ಒಂದು ಉದ್ದನೆಯ ಬೋಲ್ಟನ್ನು ಬೆರಳಲ್ಲೇ ತಿರುಗಿಸಿ ತಡೆಯಬಹುದು. ಕೆಲಸ ಮುಗಿದ ಮೇಲೆ ಆ ಜಾಗಕ್ಕೆ ಮೂಲ ಬೋಲ್ಟೇ ವಾಪಸು ಹೋಗಬೇಕು. ಕ್ಯಾಮಿನ ಮುಖದಲ್ಲಿರುವ 5/16 ತೂತುಗಳಿಗೆ ಉದ್ದನೆಯ ಬೋಲ್ಟ್ ಹಾಕಿದರೆ ಹಿಡಿಕೆ ಸಿಗುತ್ತದೆ. ನಿಧಾನಕ್ಕೆ ತಿರುಗಿಸುತ್ತ, ಭಾರವನ್ನು ಕೈಯಲ್ಲಿ ಹಿಡಿದೇ ಒಳಗೆ ಬಿಡಬೇಕು. ಲೋಬಿನ ಅಂಚು ಬೇರಿಂಗನ್ನು ಗೀರಿದರೆ ಆಯಿಲ್ ಪ್ರೆಶರ್ ಅಲ್ಲಿಂದಲೇ ಸೋರುತ್ತದೆ, ಅದನ್ನು ಬದಲಿಸಲು ಎಂಜಿನ್ ಇಳಿಸಬೇಕು.

ಲೋಬುಗಳಿಗೆ ಮತ್ತು ಲಿಫ್ಟರಿನ ತಳಕ್ಕೆ ಮಾತ್ರ ಮೋಲಿ ಪೇಸ್ಟ್. ಲಿಫ್ಟರಿನ ಪಕ್ಕಗಳಿಗೆ ಮತ್ತು ಕ್ಯಾಮಿನ ಜರ್ನಲ್‌ಗಳಿಗೆ ಬರೀ ಆಯಿಲ್. ಪಕ್ಕಕ್ಕೆ ಪೇಸ್ಟ್ ಬಳಿದರೆ ಲಿಫ್ಟರ್ ತಿರುಗಲು ತಡವರಿಸುತ್ತದೆ. ಹೊಸ ಕ್ಯಾಮಿಗೆ ಹೊಸ ಲಿಫ್ಟರ್, ಇದರಲ್ಲಿ ರಾಜಿಯಿಲ್ಲ. ಪ್ರತಿ ಲಿಫ್ಟರೂ ತನ್ನ ತೂತಿನಲ್ಲಿ ಬೆರಳಿನ ಬಲಕ್ಕೇ ಸಲೀಸಾಗಿ ತಿರುಗಬೇಕು. ತಿರುಗದಿದ್ದರೆ ತೂತಿನೊಳಗಿನ ಕಿಟ್ಟ ತೆಗೆದು ಮತ್ತೆ ನೋಡಬೇಕು, ಬಲವಂತವಾಗಿ ತುರುಕಬಾರದು.

ಟೈಮಿಂಗ್ ಗೇರುಗಳ ಚುಕ್ಕಿಗಳನ್ನು ಎದುರುಬದುರು ತಂದು, ಕ್ಯಾಮ್ ಬೋಲ್ಟ್‌ಗಳಿಗೆ ಲಾಕ್‌ಟೈಟ್ ಹಾಕಿ 20 ಫುಟ್-ಪೌಂಡ್. ಕ್ಯಾಮ್ ಗೇರಿನ ಚುಕ್ಕಿ ಕೆಳಗೆ, ಕ್ರ್ಯಾಂಕಿನದ್ದು ಮೇಲೆ ಇರುವಾಗ ಉರಿಯುವ ಸರದಿ ಒಂದನೆಯ ಸಿಲಿಂಡರಿನದ್ದಲ್ಲ, ಆರನೆಯದ್ದು. ಕ್ರ್ಯಾಂಕನ್ನು ಇನ್ನೊಂದು ಪೂರ್ತಿ ಸುತ್ತು ತಿರುಗಿಸಿದ ಮೇಲಷ್ಟೇ ಒಂದನೆಯದ್ದು. ಇದನ್ನು ಮರೆತು ಡಿಸ್ಟ್ರಿಬ್ಯೂಟರ್ ಕೂರಿಸಿದರೆ 180 ಡಿಗ್ರಿ ತಪ್ಪಿ, ಹೊಸ ಕ್ಯಾಮಿನ ಮೇಲೆ ಸುಮ್ಮನೆ ಸೆಲ್ಫ್ ಹೊಡೆಯುತ್ತ ಪೇಸ್ಟ್ ಒರೆಸಿ ಹಾಕಿದಂತಾಗುತ್ತದೆ. ಫೈರಿಂಗ್ ಆರ್ಡರ್ 1-8-4-3-6-5-7-2, ರೋಟರ್ ತಿರುಗುವುದು ಗಡಿಯಾರದ ದಿಕ್ಕಿಗೆ.

ಡಿಗ್ರಿ ನೋಡುವುದು

ಚುಕ್ಕಿ ಕೂಡಿದರೆ ಸಾಕು ಎನ್ನುವವರಿದ್ದಾರೆ. ಗೇರಿನ ಕೀಲಿಗುಂಡಿ, ಕ್ಯಾಮಿನ ಪಿನ್ನು, ಚೈನು, ಎಲ್ಲದರ ಸಣ್ಣ ಸಣ್ಣ ದೋಷ ಕೂಡಿ ನಾಲ್ಕು ಡಿಗ್ರಿ ಆಚೀಚೆಯಾಗುವುದುಂಟು. ಹಾಗಾಗಿ ಅಳೆದೇ ತೀರಬೇಕು. ಕ್ರ್ಯಾಂಕಿಗೆ ಡಿಗ್ರಿ ಚಕ್ರ ಕಟ್ಟಿ, ಪಿಸ್ಟನ್ ಸ್ಟಾಪ್ ಇಟ್ಟು ಎರಡೂ ದಿಕ್ಕಿಗೆ ತಿರುಗಿಸಿ, ಎರಡು ಓದುಗಳ ನಡುಬಿಂದುವೇ ನಿಜವಾದ ಟಿಡಿಸಿ, ಅಂದರೆ ಪಿಸ್ಟನ್ನಿನ ತುತ್ತತುದಿ. ಒಂದನೆಯ ಸಿಲಿಂಡರಿನ ಇನ್‌ಟೇಕ್ ಲಿಫ್ಟರಿನ ಮೇಲೆ ಡಯಲ್ ಗೇಜ್. ಲಿಫ್ಟರ್ 50 ಥೌ ಎದ್ದಾಗ ಚಕ್ರದ ಮೇಲೆ ಟಿಡಿಸಿಗೆ 3 ಡಿಗ್ರಿ ಮೊದಲು, ವಾಪಸು 50 ಥೌಗೆ ಇಳಿದಾಗ ಕೆಳತುದಿ ದಾಟಿ 35 ಡಿಗ್ರಿ ಬರಬೇಕು. ಹಾಗೆ ಬಂದರೆ ಇನ್‌ಟೇಕ್ ನಡುರೇಖೆ 106ರಲ್ಲಿದೆ ಎಂದರ್ಥ. ಕ್ಯಾಮ್ 4 ಡಿಗ್ರಿ ಮುಂದಾಗಿ ಕೂತಿದೆ, ಈ ಕ್ಯಾಮಿಗೆ ಅದೇ ಸರಿ. ಓದುವಾಗ ಕ್ರ್ಯಾಂಕನ್ನು ಸದಾ ಒಂದೇ ದಿಕ್ಕಿಗೆ ತಿರುಗಿಸಬೇಕು, ಹಿಂದೆ ಮುಂದೆ ಮಾಡಿದರೆ ಚೈನಿನ ಸಡಿಲ ಲೆಕ್ಕಕ್ಕೆ ಸೇರುತ್ತದೆ.

ಇಷ್ಟು ಲಿಫ್ಟಿಗೆ ನಾಲ್ಕು ಗುಳಿಯ ಪಿಸ್ಟನ್ ಮೇಲೆ ವಾಲ್ವ್ ತಾಗುವ ಭಯ ಕಡಿಮೆ. ಆದರೂ ಒಂದು ಪಿಸ್ಟನ್ ಮೇಲೆ ಮಾಡೆಲಿಂಗ್ ಕ್ಲೇ ಇಟ್ಟು, ಆ ಸಿಲಿಂಡರಿಗೆ ಟ್ಯಾಪೆಟ್ ಸಡಿಲವಿಲ್ಲದ ಗಟ್ಟಿ ಲಿಫ್ಟರ್ ಹಾಕಿ ಎರಡು ಸುತ್ತು ತಿರುಗಿಸಿ ಕತ್ತರಿಸಿ ನೋಡಬೇಕು. ಇನ್‌ಟೇಕಿಗೆ 80 ಥೌ, ಎಕ್ಸಾಸ್ಟಿಗೆ 100 ಥೌ ಕನಿಷ್ಠ.

ಹೆಡ್ ಬೋಲ್ಟ್‌ಗಳು ನೀರಿನ ದಾರಿಗೆ ಇಳಿಯುವುದರಿಂದ ಪ್ರತಿಯೊಂದರ ಥ್ರೆಡ್ಡಿಗೂ ಸೀಲಂಟ್ ಬೇಕು, ಇಲ್ಲದಿದ್ದರೆ ಕೂಲೆಂಟ್ ಬೋಲ್ಟಿನ ಗುಂಟ ಏರಿ ಆಯಿಲಿಗೆ ಸೇರುತ್ತದೆ. 25, 45, 65 ಫುಟ್-ಪೌಂಡ್, ನಡುವಿನಿಂದ ಹೊರಕ್ಕೆ. ವೋರ್ಟೆಕ್ ಇನ್‌ಟೇಕ್ ಬೋಲ್ಟಿಗೆ 11 ಫುಟ್-ಪೌಂಡ್ ಮಾತ್ರ. ಹಳೆಯ ಹೆಡ್ಡಿನ 30ರ ಅಭ್ಯಾಸದಲ್ಲಿ ಬಿಗಿದರೆ ಗ್ಯಾಸ್ಕೆಟ್ ಹಿಂಡಿಹೋಗುತ್ತದೆ. ಮ್ಯಾನಿಫೋಲ್ಡಿನ ಮುಂದೆ ಹಿಂದೆ ಕಾರ್ಕ್ ಪಟ್ಟಿಯ ಬದಲು ದಪ್ಪಗೆ ಸಿಲಿಕಾನ್ ಸೀಲಂಟ್ ಎಳೆಯುವುದು ಮೇಲು; ಕಾರ್ಕ್ ಜಾರಿ ಹೊರಬರುತ್ತದೆ.

ಟ್ಯಾಪೆಟ್ ಅಡ್ಜಸ್ಟ್ ಮಾಡುವಾಗ ಒಂದೊಂದೇ ಸಿಲಿಂಡರ್. ಎಕ್ಸಾಸ್ಟ್ ವಾಲ್ವ್ ತೆರೆಯತೊಡಗಿದಾಗ ಇನ್‌ಟೇಕಿನದ್ದು, ಇನ್‌ಟೇಕ್ ಪೂರ್ತಿ ತೆರೆದು ಮುಚ್ಚುತ್ತ ಬಂದಾಗ ಎಕ್ಸಾಸ್ಟಿನದ್ದು. ಪುಶ್‌ರಾಡನ್ನು ಮೇಲೆ ಕೆಳಗೆ ಆಡಿಸಿ ಸಡಿಲ ಹೋಗುವ ಬಿಂದು ಹಿಡಿದು, ಅಲ್ಲಿಂದ ನಟ್ಟಿಗೆ ಅರ್ಧ ಸುತ್ತು. ಬೆರಳಲ್ಲಿ ತಿರುಗಿಸಿ ಬಿಗಿ ಹುಡುಕುವ ಪದ್ಧತಿ ಮೋಸ ಮಾಡುತ್ತದೆ. ಲಿಫ್ಟರಿನೊಳಗಿನ ಸ್ಪ್ರಿಂಗ್ ಮೃದುವಾದ್ದರಿಂದ ಬಿಗಿ ಗೊತ್ತಾಗುವಷ್ಟರಲ್ಲಿ ಅದು ಆಗಲೇ ಅರ್ಧ ಒತ್ತಿಕೊಂಡಿರುತ್ತದೆ, ಮತ್ತೆ ಅರ್ಧ ಸುತ್ತು ಸೇರಿದರೆ ವಾಲ್ವ್ ಪೂರ್ತಿ ಮುಚ್ಚದೆ ಸುಡುತ್ತದೆ.

ಮೊದಲ ಅರ್ಧ ಗಂಟೆ

ಚಪ್ಪಟೆ ತಳದ ಲಿಫ್ಟರಿರುವ ಕ್ಯಾಮ್ ಉಳಿಯುವುದು ಅಳಿಯುವುದು ಇಲ್ಲಿ. ಹೆಸರಿಗೆ ಚಪ್ಪಟೆಯಾದರೂ ಲಿಫ್ಟರಿನ ತಳಕ್ಕೆ ಸುಮಾರು 2 ಥೌ ಉಬ್ಬಿದೆ, ಲೋಬಿಗೆ ಸ್ವಲ್ಪ ಓರೆಯಿದೆ, ಲಿಫ್ಟರ್ ಲೋಬಿನ ನಡುವಿನಿಂದ ಕೊಂಚ ಸರಿದು ಕೂತಿದೆ. ಮೂರೂ ಕೂಡಿ ಲಿಫ್ಟರನ್ನು ತಿರುಗಿಸುತ್ತವೆ. ತಿರುಗಿದರೆ ಎರಡು ಮೈಗಳೂ ಹೊಂದಿಕೊಂಡು ಗಟ್ಟಿಯಾಗುತ್ತವೆ, ತಿರುಗದಿದ್ದರೆ ನಿಮಿಷಗಳಲ್ಲೇ ಲೋಬ್ ಸವೆದು ಗುಂಡಾಗುತ್ತದೆ. ಲೋಬಿಗೆ ಒತ್ತಡದ ಆಯಿಲ್ ದಾರಿ ಇಲ್ಲ, ಕ್ರ್ಯಾಂಕ್ ಚಿಮ್ಮಿಸುವುದೇ ಗತಿ. ಅದಕ್ಕೇ ಐಡ್ಲಿಂಗ್ ಕೂಡದು.

ಇನ್ನೊಂದು ಸಮಸ್ಯೆ ಆಯಿಲಿನದ್ದು. ಲೋಬನ್ನು ಕಾಯುವ ಜಿಂಕ್ ಮತ್ತು ರಂಜಕದ ಸೇರ್ಪಡೆ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತದೆಂದು ಈಗಿನ ಕಾರುಗಳ ತೆಳು ಆಯಿಲಿನಲ್ಲಿ ಅದನ್ನು ಇಳಿಸಿದ್ದಾರೆ. 2004ರಲ್ಲಿ ಬಂದ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಸ್‌ಎಂ ದರ್ಜೆಯಿಂದ 30ರ ಗ್ರೇಡುಗಳಲ್ಲಿ ರಂಜಕ 600ರಿಂದ 800 ಪಿಪಿಎಂ. ಈ ಕ್ಯಾಮಿಗೆ ಬ್ರೇಕ್-ಇನ್‌ಗೆಂದೇ ಮಾರುವ ಹೆಚ್ಚು ಜಿಂಕಿನ ಆಯಿಲ್ ಬೇಕು. ಮುಂದೆಯೂ ಹಳೆಯ ಎಂಜಿನ್‌ಗಳಿಗೆಂದು ಮಾಡಿದ, 1000 ಪಿಪಿಎಂ ದಾಟಿದ ಆಯಿಲನ್ನೇ ಹಾಕುತ್ತ ಹೋಗಬೇಕು. ಲಿಫ್ಟರಿನ ತಳದಲ್ಲಿ ಗಾಲಿಯಿರುವ ರೋಲರ್ ಕ್ಯಾಮಿಗೆ ಈ ತಾಪತ್ರಯ ಇಲ್ಲ, ನಿಜ. ಆದರೆ 1987ಕ್ಕಿಂತ ಹಿಂದಿನ ಬ್ಲಾಕಿಗೆ ಅದನ್ನು ಹಾಕಲು ಪಟ್ಟಿಯಿಂದ ಜೋಡಿಸಿದ ವಿಶೇಷ ಲಿಫ್ಟರ್, ಕ್ಯಾಮ್ ಮುಂದಕ್ಕೆ ಸರಿಯದಂತೆ ಬಟನ್, ಹೊಂದುವ ಡಿಸ್ಟ್ರಿಬ್ಯೂಟರ್ ಗೇರ್, ಬೇರೆ ಉದ್ದದ ಪುಶ್‌ರಾಡ್ ಎಲ್ಲ ಬೇಕು. ಖರ್ಚು ಕೆಲವು ಪಟ್ಟು ಏರುತ್ತದೆ. ಹಣವಿದ್ದರೆ ಹಾಕಬಹುದು, ಈ ಗಾಡಿಗೆ ಅಗತ್ಯವಿಲ್ಲ.

ಸೆಲ್ಫ್ ಹೊಡೆಯುವ ಮೊದಲು ಎಲ್ಲ ಸಿದ್ಧವಿರಬೇಕು. ಹಳೆಯ ಡಿಸ್ಟ್ರಿಬ್ಯೂಟರಿನ ದಂಡಕ್ಕೆ ಡ್ರಿಲ್ ಕಚ್ಚಿಸಿ ಆಯಿಲ್ ಪಂಪನ್ನು ಗಡಿಯಾರದ ದಿಕ್ಕಿಗೆ ತಿರುಗಿಸಬೇಕು, ನಡುವೆ ಕ್ರ್ಯಾಂಕನ್ನೂ ಕೈಯಲ್ಲಿ ತಿರುಗಿಸುತ್ತ, ಹದಿನಾರೂ ರಾಕರಿನಲ್ಲಿ ಆಯಿಲ್ ಕಾಣುವವರೆಗೆ. ರೇಡಿಯೇಟರ್ ತುಂಬಿ ಗಾಳಿ ಬಿಡಿಸಬೇಕು. ಕಾರ್ಬೊರೇಟರಿನ ಬೌಲಿಗೆ ಪೆಟ್ರೋಲ್ ತುಂಬಿಸಬೇಕು. ಸ್ಪಾರ್ಕ್ ಟೈಮಿಂಗ್ ಅಂದಾಜು ಟಿಡಿಸಿಗೆ 12 ಡಿಗ್ರಿ ಮೊದಲಿಗೆ ಇಟ್ಟಿರಬೇಕು. ಗಾಡಿಯ ಮುಂದೆ ದೊಡ್ಡ ಫ್ಯಾನ್, ಬಾಗಿಲು ತೆರೆದ ಗ್ಯಾರೇಜು.

ಹತ್ತಿದ ತಕ್ಷಣ 2000ಕ್ಕೆ ಏರಿಸಿ, 2000ದಿಂದ 2500ರ ನಡುವೆ ಏರಿಳಿಸುತ್ತ 20ರಿಂದ 30 ನಿಮಿಷ. ಕೂಲೆಂಟ್ ಸೋರಿದರೆ, ಪೆಟ್ರೋಲ್ ವಾಸನೆ ಬಂದರೆ, ಆಯಿಲ್ ಪ್ರೆಶರ್ ಬಿದ್ದರೆ ಐಡ್ಲಿಂಗ್‌ಗೆ ಇಳಿಸಿ ನೋಡುತ್ತ ನಿಲ್ಲಬಾರದು. ಪೂರ್ತಿ ಆಫ್ ಮಾಡಿ, ಸರಿಪಡಿಸಿ, ಮತ್ತೆ ನೇರ 2000ಕ್ಕೆ. ಮುಗಿದ ಮೇಲೆ ಆಯಿಲ್ ಇಳಿಸಿ ಫಿಲ್ಟರನ್ನು ಕತ್ತರಿಸಿ ಒಳಗಿನ ಕಾಗದ ಬಿಡಿಸಿ ನೋಡಬೇಕು. ಮೋಲಿ ಪೇಸ್ಟಿನ ಬೂದು ಮಸಿ ಇದ್ದರೆ ಚಿಂತೆಯಿಲ್ಲ, ಆಯಸ್ಕಾಂತಕ್ಕೆ ಅಂಟುವ ಮಿನುಗು ಇದ್ದರೆ ಲೋಬ್ ಹೋಗುತ್ತಿದೆ.

ಲೋಬ್ ಹೋದದ್ದರ ಇತರ ಲಕ್ಷಣಗಳೂ ಸ್ಪಷ್ಟ. ಅಡ್ಜಸ್ಟ್ ಮಾಡಿದ ಒಂದು ರಾಕರ್ ಪದೇ ಪದೇ ಸಡಿಲವಾಗುತ್ತದೆ; ಎಕ್ಸಾಸ್ಟ್ ಲೋಬಾದರೆ ಸುಟ್ಟ ಗಾಳಿಗೆ ದಾರಿಯಿಲ್ಲದೆ ಕಾರ್ಬೊರೇಟರಿನಲ್ಲಿ ಪಟ್ ಪಟ್ ಎನ್ನುತ್ತದೆ. ಖಚಿತ ಮಾಡಿಕೊಳ್ಳಲು ರಾಕರ್ ತೆಗೆದು ಪುಶ್‌ರಾಡಿನ ಮೇಲೆ ಡಯಲ್ ಗೇಜ್ ಇಡಬೇಕು. ರಾಕರ್ ಅನುಪಾತ 1.5 ಆದ್ದರಿಂದ ಇನ್‌ಟೇಕ್ ಲೋಬ್ 0.308, ಎಕ್ಸಾಸ್ಟ್ 0.313 ಎತ್ತಬೇಕು. ಹತ್ತು ಥೌ ಕಡಿಮೆ ಬಂದರೂ ಕ್ಯಾಮ್, ಲಿಫ್ಟರ್ ಎರಡೂ ಹೊರಗೆ, ಎಂಜಿನ್ ಬಿಚ್ಚಿ ತೊಳೆಯಬೇಕು. ಆ ಪುಡಿ ಬೇರಿಂಗುಗಳಿಗೆ ಹೋಗಿರುತ್ತದೆ.

ಕಾರ್ಬೊರೇಟರ್, ಸ್ಪಾರ್ಕ್, ಸೈಲೆನ್ಸರ್

350 ಘನ ಇಂಚನ್ನು 5500 ಆರ್‌ಪಿಎಂನಿಂದ ಗುಣಿಸಿ 3456ರಿಂದ ಭಾಗಿಸಿದರೆ 557 ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ. ಅದೂ ಸಿಲಿಂಡರ್ ನೂರಕ್ಕೆ ನೂರು ತುಂಬಿದರೆ. 600ರ ಹಾಲಿ, ವ್ಯಾಕ್ಯೂಮ್‌ನಿಂದ ತೆರೆಯುವ ಎರಡನೆಯ ಜೋಡಿಯಿರುವುದು, ಧಾರಾಳವಾಯಿತು. ಐಡ್ಲಿಂಗ್‌ಗಾಗಿ ಥ್ರಾಟಲ್ ತುಂಬ ತೆರೆಯಬೇಕಾಗಿ ಬಂದರೆ ಕೆಳಗಿನ ಟ್ರಾನ್ಸ್‌ಫರ್ ಸೀಳು ಪೂರ್ತಿ ಬಯಲಾಗಿ ಮಿಕ್ಸ್ಚರ್ ಸ್ಕ್ರೂ ಕೇಳುವುದಿಲ್ಲ. ಮೊದಲು ಟೈಮಿಂಗ್ ಏರಿಸಿ ಥ್ರಾಟಲ್ ಮುಚ್ಚಬೇಕು. ಡ್ರೈವ್‌ನಲ್ಲಿ ನಿಂತಾಗ ವ್ಯಾಕ್ಯೂಮ್ 13 ಇಂಚಿದ್ದರೆ ವ್ಯಾಕ್ಯೂಮ್ ಬಿದ್ದಾಗ ಪೆಟ್ರೋಲ್ ಹೆಚ್ಚಿಸುವ ಪವರ್ ವಾಲ್ವ್ ಅದರ ಅರ್ಧ, 6.5. ಟರ್ಬೊ 350ರ ಕಿಕ್‌ಡೌನ್ ಕೇಬಲನ್ನು ಹೊಸ ಕಾರ್ಬೊರೇಟರಿಗೆ ಸರಿಯಾದ ಬ್ರಾಕೆಟ್ ಇಟ್ಟು ಜೋಡಿಸದಿದ್ದರೆ ಪೂರ್ತಿ ತುಳಿದರೂ ಗೇರ್ ಇಳಿಯದು, ಕ್ಯಾಮ್ ತಂದದ್ದು ವ್ಯರ್ಥ ಎಂದು ಅನಿಸುವುದು ಆಗಲೇ.

ಪಾಯಿಂಟ್ ಡಿಸ್ಟ್ರಿಬ್ಯೂಟರ್ ಬದಲು ಎಚ್‌ಇಐ (ಜನರಲ್ ಮೋಟರ್ಸ್‌ನ ಎಲೆಕ್ಟ್ರಾನಿಕ್ ಇಗ್ನಿಷನ್) ಹಾಕುವಾಗ ಹಳೆಯ ಕಾಯಿಲಿಗೆ ಹೋಗುತ್ತಿದ್ದ ರೆಸಿಸ್ಟರ್ ವೈರನ್ನು ಬಳಸಬಾರದು, ಅದರಲ್ಲಿ 12 ವೋಲ್ಟ್ ಸಿಗುವುದಿಲ್ಲ. ಫ್ಯೂಸ್ ಬಾಕ್ಸಿನಿಂದ ದಪ್ಪ ವೈರ್ ಹೊಸದಾಗಿ ಎಳೆಯಬೇಕು. ವೋರ್ಟೆಕ್ ಚೇಂಬರಿನಲ್ಲಿ ಉರಿ ಬೇಗ ಹರಡುವುದರಿಂದ ಹಳೆಯ ಹೆಡ್‌ಗಳಂತೆ 36 ಡಿಗ್ರಿ ಟೈಮಿಂಗ್ ಬೇಡ. ಒಟ್ಟು 32ರಿಂದ 34, 3000 ಆರ್‌ಪಿಎಂ ಒಳಗೆ ಪೂರ್ತಿ ಬರುವಂತೆ. ಆರಂಭದ್ದು 12ರಿಂದ 14. ವ್ಯಾಕ್ಯೂಮ್ ಅಡ್ವಾನ್ಸ್ 10 ಡಿಗ್ರಿಯಷ್ಟು ಇರಲಿ, ಕಿತ್ತುಹಾಕಬೇಡಿ. ಫ್ರೀವೇ ಮೈಲೇಜೂ ತಣ್ಣಗಿನ ಎಂಜಿನ್ನೂ ಅದರಿಂದಲೇ. 1975ರವರೆಗಿನ ಮಾಡೆಲ್‌ಗಳಿಗೆ ಕ್ಯಾಲಿಫೋರ್ನಿಯಾದಲ್ಲಿ ಸ್ಮಾಗ್ (ಹೊಗೆ) ತಪಾಸಣೆ ಇಲ್ಲವೆಂದು, ಕ್ರ್ಯಾಂಕ್‌ಕೇಸಿನ ಆವಿಯನ್ನು ಇನ್‌ಟೇಕಿಗೆ ಬಿಡುವ ಪಿಸಿವಿ ವಾಲ್ವ್ ಕೀಳುವವರೂ ಇದ್ದಾರೆ. ಕಿತ್ತರೆ ಕ್ರ್ಯಾಂಕ್‌ಕೇಸಿನ ತೇವ ಹೊರಹೋಗದೆ ಆಯಿಲ್ ಕೆಸರಾಗುತ್ತದೆ.

ಎಕ್ಸಾಸ್ಟಿಗೆ 1-5/8 ಇಂಚಿನ ಕೊಳವೆಗಳ ಹೆಡರ್, 2.5 ಇಂಚಿನ ಎರಡು ಪೈಪು, ನಡುವೆ ಎಚ್ ಆಕಾರದ ಅಡ್ಡಪೈಪು. ಇದಕ್ಕಿಂತ ದೊಡ್ಡ ಹೆಡರ್ ಈ ಕ್ಯಾಮಿಗೆ ಕೆಳಗಿನ ಎಳೆತವನ್ನು ತಿನ್ನುತ್ತದೆ. ಹೆಡರ್ ಬೋಲ್ಟ್‌ಗಳು ಬಿಸಿ ತಂಪಿನ ಕೆಲವು ಸುತ್ತುಗಳಲ್ಲಿ ಖಂಡಿತ ಸಡಿಲಾಗುತ್ತವೆ. ಎಂಜಿನ್ ಆರಿದ ಮೇಲೆ ಮತ್ತೆ ಬಿಗಿಯಬೇಕು. 500 ಮೈಲಿಗೆ ಆಯಿಲ್ ಇನ್ನೊಮ್ಮೆ ಬದಲಿಸಿ, ಫಿಲ್ಟರ್ ಮತ್ತೆ ಕತ್ತರಿಸಿ ನೋಡಿ, ಟ್ಯಾಪೆಟ್ ಕವರ್ ತೆರೆದು ಪುಶ್‌ರಾಡುಗಳಿಗೆ ಮಾರ್ಕರ್‌ನಿಂದ ಗೆರೆ ಎಳೆದು ಐಡ್ಲಿಂಗ್‌ನಲ್ಲಿ ಹದಿನಾರೂ ತಿರುಗುತ್ತಿವೆಯೇ ಎಂದು ನೋಡಬೇಕು. ತಿರುಗದ ಗೆರೆ ಒಂದು ಕಂಡರೂ ಆ ಲೋಬಿಗೆ ಅಂದೇ ಡಯಲ್ ಗೇಜ್ ಇಡಬೇಕು.